ಬಾಡಿಗೆ ಮನೆಯ ಸ್ಟುಡಿಯೊಗೆ ಸ್ಕಾರ್ಲೆಟ್ ಸೋಲೊ: ಗಿಟಾರಿಗೆ ಸೈ, ಮೈಕಿಗೆ ತಾಳ್ಮೆ ಬೇಕು

ಮನೆಯಲ್ಲೇ ಹಾಡು ರೆಕಾರ್ಡ್ ಮಾಡಬೇಕು ಅಂತ ಹೊರಟವರಿಗೆಲ್ಲ ಮೊದಲು ಬರುವ ಪ್ರಶ್ನೆ ಒಂದೇ: ಯಾವ ಇಂಟರ್‌ಫೇಸ್ (ಮೈಕ್, ಗಿಟಾರಿನ ಸದ್ದನ್ನು ಕಂಪ್ಯೂಟರಿಗೆ ದಾಟಿಸುವ ಡಬ್ಬಿ) ತಗೊಳ್ಳಲಿ? ನಾನು ಬಳಸುತ್ತಿರುವುದು ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊ, 2023ರಲ್ಲಿ ಬಂದ ನಾಲ್ಕನೇ ತಲೆಮಾರಿನದು. ಎಲೆಕ್ಟ್ರಿಕ್ ಗಿಟಾರ್ ನುಡಿಸಿಕೊಂಡು ಹಾಡುವವರಾದರೆ ಧೈರ್ಯವಾಗಿ ತಗೊಳ್ಳಿ. ನಿಮ್ಮ ಹತ್ತಿರ ಇರುವುದು ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಭಾಗ) ಇಲ್ಲದ ಅಕೌಸ್ಟಿಕ್ ಒಂದೇ ಅಂದರೆ ಸ್ವಲ್ಪ ತಡೀರಿ, ಕೊನೆತನಕ ಓದಿ.

ಈ ಕೆಂಪು ಡಬ್ಬಿಯಲ್ಲಿ ಒಳಗೆ ಹೋಗುವ ದಾರಿ ಎರಡೇ. ಮುಂದೆ ಗಿಟಾರಿಗೆ ಒಂದು ಜಾಕ್, ಹಿಂದೆ ಮೈಕಿಗೆ ಒಂದು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಇರುವವರಿಗೆ ಈ ಎರಡೂ ಬೇರೆ ಬೇರೆ ಪ್ರಪಂಚ. ಗಿಟಾರ್ ಜಾಕ್‌ನಲ್ಲಿ ತಂತಿಯ ಸದ್ದು ಬಿಟ್ಟು ಬೇರೇನೂ ಒಳಗೆ ಬರಲ್ಲ: ಅಡುಗೆಮನೆಯ ಕುಕ್ಕರ್ ವಿಷಲ್ಲೂ ಇಲ್ಲ, ಸೊಪ್ಪು ಮಾರುವವರ ಕೂಗೂ ಇಲ್ಲ, ಪಕ್ಕದ ಸೈಟಿನಲ್ಲಿ ಬೆಳಗ್ಗೆ ಏಳಕ್ಕೇ ಶುರುವಾಗುವ ಕಾಂಕ್ರೀಟ್ ಮಿಕ್ಸರೂ ಇಲ್ಲ. ರಾತ್ರಿ ಹನ್ನೊಂದಕ್ಕೆ ಹೆಡ್‌ಫೋನ್ ಹಾಕಿಕೊಂಡು ಡಿಸ್ಟಾರ್ಶನ್ ಎಷ್ಟು ಬೇಕಾದರೂ ಏರಿಸಿ, ಮೇಲಿನ ಮನೆ ಓನರ್‌ಗೆ ಕೇಳಿಸುವುದು ಬರೀ ಟಿಕ್ ಟಿಕ್ ಅಂತ ಪಿಕ್ ಬಡಿಯುವ ಸದ್ದು. ಆಂಪ್ (ಗಿಟಾರಿನ ಸದ್ದು ಏರಿಸುವ ಸ್ಪೀಕರ್ ಪೆಟ್ಟಿಗೆ) ತಂದು ಅದರ ಮುಂದೆ ಮೈಕ್ ಇಟ್ಟು ರೆಕಾರ್ಡ್ ಮಾಡುವುದಕ್ಕೆ ಸ್ವಂತ ಮನೆ ಬೇಕು. ಸ್ವಂತ ಮನೆ ಇದ್ದರೂ ಅಕ್ಕಪಕ್ಕದವರು ಒಳ್ಳೆಯವರಿರಬೇಕು.

ಗಿಟಾರ್ ಚುಚ್ಚಿದ ಕೂಡಲೇ ನೋಡಬೇಕಾದದ್ದು ‘ಇನ್‌ಸ್ಟ್’ ಬಟನ್. ಅದು ಆನ್ ಇರಲೇಬೇಕು. ಪಿಕಪ್ಪಿನಿಂದ ಬರುವ ಸಿಗ್ನಲ್ ತುಂಬಾ ಬಡಕಲು, ಅದಕ್ಕೆ ಜಾಸ್ತಿ ಇಂಪೀಡೆನ್ಸ್ (ಸಿಗ್ನಲ್ಲಿನ ಹರಿವಿಗೆ ಒಡ್ಡುವ ಅಡ್ಡಿ) ಇರುವ ಇನ್‌ಪುಟ್ ಬೇಕು. ಇಲ್ಲದಿದ್ದರೆ ಮೇಲಿನ ಫ್ರೀಕ್ವೆನ್ಸಿಗಳು ಸತ್ತು ಗಿಟಾರ್ ಮಂಕಾಗಿ ಕೇಳುತ್ತದೆ. ಕೆಲವರು ಹೊಸ ತಂತಿ ಹಾಕಿದರೂ ಸೌಂಡ್ ಸರಿಯಿಲ್ಲ ಅಂತ ಗೊಣಗುತ್ತಿರುತ್ತಾರೆ, ತೊಂದರೆ ಈ ಒಂದು ಬಟನ್ನಿನಲ್ಲಿ ಇರುತ್ತದೆ. ಸಿಗ್ನಲ್ ಏರಿಸುವ ಗೇನ್ ನಾಬ್ ಸುತ್ತ ದೀಪ ಇದೆ, ಹಸಿರು ಇದ್ದರೆ ಸರಿ, ಕೆಂಪಾದರೆ ಸದ್ದು ಒಡೆಯುತ್ತದೆ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಲೆವೆಲ್ ಕೆಂಪಿನ ಹತ್ತಿರ ಒಯ್ಯುವ ಅಗತ್ಯವೇ ಇಲ್ಲ. ಜೋರಾಗಿ ಬಾರಿಸಿದಾಗ ರೆಕಾರ್ಡಿಂಗ್ ಸಾಫ್ಟ್‌ವೇರಿನ ಮೀಟರಿನಲ್ಲಿ ಮೈನಸ್ 12 ಡೆಸಿಬಲ್ ಹತ್ತಿರ ಬಂದರೆ ಸಾಕು.

ನನಗೆ ಈ ಡಬ್ಬಿ ಇಷ್ಟವಾಗುವುದು ಮುಖ್ಯವಾಗಿ ಒಂದು ಕಾರಣಕ್ಕೆ. ಕಂಪ್ಯೂಟರಿನಲ್ಲಿ ಕೂರುವುದು ಬರೀ ಗಿಟಾರಿನ ಸಾದಾ ಸದ್ದು, ಆಂಪ್ ಅನ್ನುವುದು ಅದರ ಮೇಲೆ ಹಾಕಿದ ಪ್ಲಗಿನ್ (ರೆಕಾರ್ಡಿಂಗ್ ಸಾಫ್ಟ್‌ವೇರಿನ ಒಳಗೆ ಕೂರುವ ಸಣ್ಣ ಸಾಫ್ಟ್‌ವೇರ್) ಅಷ್ಟೇ. ರಾತ್ರಿ ನುಡಿಸಿದ್ದಕ್ಕೆ ಯಾವ ಟೋನ್ ಬೇಕು ಅನ್ನುವುದನ್ನು ಭಾನುವಾರ ಕಾಫಿ ಕುಡಿಯುತ್ತಾ ತೀರ್ಮಾನಿಸಬಹುದು, ನುಡಿಸಿದ ಟೇಕ್ ಹಾಗೇ ಇರುತ್ತದೆ. ನ್ಯೂರಲ್ ಆಂಪ್ ಮಾಡೆಲರ್ ಅನ್ನುವ ಪ್ಲಗಿನ್ ಪೂರ್ತಿ ಉಚಿತ, ಅದಕ್ಕೆ ಜನ ನಿಜವಾದ ಆಂಪ್‌ಗಳ ಸೌಂಡ್ ಹಿಡಿದು ಮಾಡಿದ ಫೈಲುಗಳೂ ಧಾರಾಳವಾಗಿ ಸಿಗುತ್ತವೆ. ಒಂದು ಮಾತು: ಆ ಫೈಲ್ ಬರೀ ಆಂಪ್ ಹೆಡ್ಡಿನದಾಗಿದ್ದರೆ (ಅಂದರೆ ಸ್ಪೀಕರ್ ಬಿಟ್ಟ ಭಾಗದ್ದು), ಮುಂದೆ ಸ್ಪೀಕರ್ ಕ್ಯಾಬಿನೆಟ್ಟಿನ ಐಆರ್ (ಅದರ ಸದ್ದಿನ ಗುಣ ಹಿಡಿದಿಟ್ಟ ಫೈಲ್) ಹಾಕದೆ ಕೇಳಿದರೆ ಜೇನುಗೂಡಿಗೆ ಕಲ್ಲು ಹೊಡೆದ ಹಾಗಿರುತ್ತದೆ. ಅಷ್ಟಕ್ಕೇ ಪ್ಲಗಿನ್ ಚೆನ್ನಾಗಿಲ್ಲ ಅಂತ ತೆಗೆದು ಹಾಕಬೇಡಿ.

ಪ್ಲಗಿನ್ ಮೂಲಕ ಕೇಳುವಾಗ ‘ಡೈರೆಕ್ಟ್’ ಬಟನ್ ಆಫ್ ಮಾಡಿ. ಅದು ಆನ್ ಇದ್ದರೆ ಆಂಪಿನ ಸದ್ದಿನ ಜೊತೆ ಸಾದಾ ಗಿಟಾರೂ ಕಿವಿಗೆ ಬೀಳುತ್ತದೆ, ಎರಡೂ ಸೇರಿ ಕಲಸುಮೇಲೋಗರ. ಹಾಡುವಾಗ ಮಾತ್ರ ಆ ಬಟನ್ ಬಂಗಾರ, ಯಾಕಂದ್ರೆ ನಿಮ್ಮ ದನಿ ಕಂಪ್ಯೂಟರಿಗೆ ಹೋಗಿ ಬರುವ ತನಕ ಕಾಯದೆ ನೇರವಾಗಿ ಕೇಳಿಸುತ್ತದೆ.

ಲೇಟೆನ್ಸಿ, ಅಂದರೆ ನುಡಿಸಿದ್ದು ಕಂಪ್ಯೂಟರಿಗೆ ಹೋಗಿ ಕಿವಿಗೆ ಬರುವಷ್ಟರಲ್ಲಿ ಆಗುವ ತಡ, ಹೆದರುವಂಥ ವಿಷಯವೇನಲ್ಲ. ವಿಂಡೋಸ್ ಇದ್ದರೆ ಫೋಕಸ್‌ರೈಟ್‌ನವರದೇ ಆಸಿಯೊ ಡ್ರೈವರ್ (ಈ ತಡ ಕಮ್ಮಿ ಮಾಡುವ ಸಾಫ್ಟ್‌ವೇರ್) ಹಾಕಿಕೊಳ್ಳಿ, ಮ್ಯಾಕ್ ಇದ್ದರೆ ಅದೂ ಬೇಕಿಲ್ಲ. ಸೆಕೆಂಡಿಗೆ 48,000 ಸ್ಯಾಂಪಲ್ ರೇಟಿನಲ್ಲಿ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ತೆಗೆದುಕೊಳ್ಳುವ ಸ್ಯಾಂಪಲ್‌ಗಳ ಲೆಕ್ಕ) 128 ಇಟ್ಟರೆ ಒಂದು ಕಡೆಗೆ ಸುಮಾರು 2.7 ಮಿಲಿಸೆಕೆಂಡ್. ಹೋಗುವುದು ಬರುವುದು ಸೇರಿ ಅದರ ಎರಡರಷ್ಟಕ್ಕಿಂತ ಜಾಸ್ತಿಯೇ ಆಗುತ್ತದೆ, ಆದರೂ ಬೆರಳಿಗೆ ಗೊತ್ತಾಗಲ್ಲ. 512ಕ್ಕೆ ಏರಿಸಿದರೆ ಒಂದು ಕಡೆಗೇ 10 ದಾಟುತ್ತದೆ, ಆಗ ತಾಳ ಜಾರುವುದು ಶುರು. ಹಳೇ ಲ್ಯಾಪ್‌ಟಾಪ್ 128ರಲ್ಲಿ ಚಟಪಟ ಅಂದರೆ ಬೇರೆ ಟ್ರ್ಯಾಕ್‌ಗಳ ಪ್ಲಗಿನ್ ಆಫ್ ಮಾಡಿ ನುಡಿಸಿ, ಮಿಕ್ಸಿಂಗ್ ಹೊತ್ತಿಗೆ ಬಫರ್ ಆರಾಮಾಗಿ ಏರಿಸಿಕೊಳ್ಳಿ.

ಡಬ್ಬಿ ಜೊತೆ ಏಬಲ್ಟನ್ ಲೈವ್ ಲೈಟ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಬರುತ್ತದೆ. ನನಗೆ ಅದು ಒಗ್ಗಲಿಲ್ಲ, ಗಿಟಾರ್ ನುಡಿಸುವವರಿಗೆ ರೀಪರ್ ಸಾಕು ಅನ್ನುವುದು ನನ್ನ ಅಭಿಪ್ರಾಯ. 60 ದಿನ ಪೂರ್ತಿಯಾಗಿ ಬಳಸಿ ನೋಡಬಹುದು, ಆಮೇಲೆ ಮನೆಮಟ್ಟಿಗೆ ಬಳಸುವವರಿಗೆ ಲೈಸೆನ್ಸ್ 60 ಡಾಲರ್.

ಗುಂಯ್ ಅನ್ನುವ ಹಮ್ಮಿಂಗ್ ಬಂದರೆ ಡಬ್ಬಿಯನ್ನು ಬೈಯುವ ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ನಮ್ಮ ಕರೆಂಟು 50 ಹರ್ಟ್ಸ್, ಹಳೇ ಮನೆಗಳಲ್ಲಿ ಅರ್ತಿಂಗ್ ಇರುವುದೂ ಅಷ್ಟಕ್ಕಷ್ಟೇ. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಅದನ್ನೆಲ್ಲ ಹಿಡಿದುಕೊಂಡು ಬರುತ್ತದೆ. ಬ್ಯಾಟರಿಯಲ್ಲಿ ನಡೆಸಿ, ಮಾನಿಟರಿನಿಂದ ಸ್ವಲ್ಪ ತಿರುಗಿ ಕೂತು ನುಡಿಸಿದರೆ ಬಹುಪಾಲು ಕಮ್ಮಿಯಾಗುತ್ತದೆ.

ಇನ್ನು ಮೈಕ್. ಈ ಸಲ ಅದರ ಜಾಕನ್ನು ಹಿಂದಕ್ಕೆ ಹಾಕಿದ್ದಾರೆ, ಮೂರನೇ ತಲೆಮಾರಿನದರಲ್ಲಿ ಮುಂದೆಯೇ ಇತ್ತು. ಗೋಡೆಗೆ ಒತ್ತಿದ ಸಣ್ಣ ಟೇಬಲ್ ಇರುವವರಿಗೆ ಇದೊಂದು ಕಿರಿಕಿರಿ. ಆದರೆ ನಿಜವಾದ ತಲೆನೋವು ಜಾಕ್ ಅಲ್ಲ, ರೂಮು. ವಿಟ್ರಿಫೈಡ್ ಟೈಲ್ಸ್, ಖಾಲಿ ಗೋಡೆ, ಮೇಲೆ ಫ್ಯಾನು. ನಮ್ಮದು ವಿಜಯನಗರದಲ್ಲಿ ಮೆಟ್ರೊ ಲೈನಿಗೆ ಹತ್ತಿರದ ಮನೆ, ರೈಲು ಹೋದಾಗ ಬರುವ ಕೆಳದನಿಯ ಗುಡುಗನ್ನು ಮಿಕ್ಸಿಂಗ್‌ನಲ್ಲಿ 80ರಿಂದ 100 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ ಒಂದಿಷ್ಟು ಕಳೆಯಬಹುದು. ಆಟೋ ಹಾರ್ನ್ ಮಾತ್ರ ನಿಮ್ಮ ದನಿ ಇರುವ ಜಾಗದಲ್ಲೇ ಕೂತಿರುತ್ತದೆ, ಅದನ್ನು ಯಾವ ಫಿಲ್ಟರೂ ಎಬ್ಬಿಸಲಾರದು.

ಅಂಗಡಿಗೆ ಹೋದರೆ ‘ಸರ್, ಕಾಂಬೋ ತಗೊಳ್ಳಿ’ ಅನ್ನುತ್ತಾರೆ. ಸೋಲೊ ಸ್ಟುಡಿಯೊ ಅಂತ ಕಂಡೆನ್ಸರ್ ಮೈಕು, ಹೆಡ್‌ಫೋನ್ ಸೇರಿದ ಪ್ಯಾಕ್ ಇದೆ. ಮೈಕು ಕೆಟ್ಟದ್ದು ಅಂತಲ್ಲ. ಕಂಡೆನ್ಸರ್‌ಗೆ ಕಿವಿ ಜಾಸ್ತಿ, ಪಕ್ಕದ ಮನೆ ಮಿಕ್ಸಿಯೂ ಅದಕ್ಕೆ ಚೆನ್ನಾಗಿ ಕೇಳುತ್ತದೆ. ನಮ್ಮಂಥ ಮನೆಗಳಿಗೆ ಶೂರ್ ಎಸ್‌ಎಂ58 ಥರದ ಡೈನಾಮಿಕ್ ಮೈಕೇ ವಾಸಿ, ಬಾಯಿ ಹತ್ತಿರ ಇಟ್ಟುಕೊಂಡು ಹಾಡಿದರೆ ರೂಮಿನ ಸದ್ದು ಹಿಂದೆ ಸರಿಯುತ್ತದೆ. ಸೋಲೊದಲ್ಲಿ 57 ಡೆಸಿಬಲ್ ಗೇನ್ ಇದೆ, ಈ ಮೈಕಿಗೆ ಸಾಕು. ಶೂರ್‌ನದೇ ಎಸ್‌ಎಂ7ಬಿ ಮೈಕಿನ ಮೇಲೆ ಆಸೆ ಇದ್ದವರು ಮಾತ್ರ ಯೋಚಿಸಿ, ಅದಕ್ಕೆ 60ರ ಹತ್ತಿರ ಬೇಕು. ಹತ್ತಿರದಿಂದ ಹಾಡುವಾಗ ‘ಪ’, ‘ಭ’ ಬಂದ ಕಡೆಯೆಲ್ಲ ಢಬ್ ಅನ್ನದಿರಲು ಪಾಪ್ ಫಿಲ್ಟರ್ ಹಾಕಿ, ಮೈಕನ್ನು ಸ್ವಲ್ಪ ಓರೆ ಮಾಡಿ. ಬಟ್ಟೆ ತುಂಬಿದ ಬೀರು ಬಾಗಿಲು ತೆಗೆದು, ಮಂಚದ ಹಾಸಿಗೆಯನ್ನು ಬೆನ್ನ ಹಿಂದೆ ನಿಲ್ಲಿಸಿ. ಮೊಟ್ಟೆ ಟ್ರೇ ಗೋಡೆಗೆ ಅಂಟಿಸುವುದು ಸುಮ್ನೆ ದಂಡ, ಹೊರಗಿನ ಸದ್ದನ್ನು ಅದು ತಡೆಯಲ್ಲ.

‘ಏರ್’ ಬಟನ್ ಒತ್ತಿದರೆ ದನಿಯ ಮೇಲ್ಭಾಗ ಹೊಳಪಾಗುತ್ತದೆ. ಫೋಕಸ್‌ರೈಟ್ ಶುರು ಮಾಡಿದ್ದು 1985ರಲ್ಲಿ ರೂಪರ್ಟ್ ನೀವ್ ಅನ್ನುವ ಆಡಿಯೊ ಎಂಜಿನಿಯರ್, ಆ ಕಾಲದ ಐಎಸ್‌ಎ ಪ್ರೀಆಂಪ್ (ಮೈಕಿನ ಸಿಗ್ನಲ್ ಏರಿಸುವ ಸಾಧನ) ನೆನಪಿಸುವ ಸೌಂಡ್ ಅನ್ನುತ್ತಾರೆ. ಅಕೌಸ್ಟಿಕ್‌ಗೆ ಚೆನ್ನಾಗಿದೆ. ‘ಸ’, ‘ಶ’ ಮೊದಲೇ ಚೂಪಾಗಿರುವ ದನಿಗೆ ಬೇಡ.

ಈಗ ಅಕೌಸ್ಟಿಕ್‌ನವರ ವಿಷಯ. ಪಿಕಪ್ ಇದ್ದರೆ ಗಿಟಾರ್ ಒಂದು ಜಾಕ್‌ಗೆ, ದನಿ ಇನ್ನೊಂದಕ್ಕೆ, ಒಟ್ಟಿಗೇ ಎರಡು ಟ್ರ್ಯಾಕ್ ಆಗುತ್ತದೆ. ಪಿಕಪ್ ಇಲ್ಲದಿದ್ದರೆ ಇರುವ ಒಂದೇ ಮೈಕನ್ನು ಹನ್ನೆರಡನೇ ಫ್ರೆಟ್ ಎದುರು ಒಂದು ಗೇಣು ದೂರ ಇಟ್ಟು ಗಿಟಾರ್ ಮುಗಿಸಿ, ಆಮೇಲೆ ಹಾಡಬೇಕು. ಸೌಂಡ್ ಹೋಲ್ ಎದುರು ಇಟ್ಟರೆ ಬರೀ ಬೂಂ ಅನ್ನುತ್ತದೆ. ನುಡಿಸುತ್ತಾ ಹಾಡಿದರೇ ಜೀವ ಬರುವುದು ಅನ್ನುವವರು ಎರಡು ಮೈಕ್ ಇನ್‌ಪುಟ್ ಇರುವ, ಇದೇ ಸ್ಕಾರ್ಲೆಟ್ ಸಾಲಿನ 2ಐ2 ತಗೊಳ್ಳಿ, ಸೋಲೊ ನಿಮಗಲ್ಲ.

ಹೊಸದು ಹತ್ತರಿಂದ ಹದಿನೈದು ಸಾವಿರದ ನಡುವೆ ಸಿಗುತ್ತದೆ. ದುಡ್ಡು ಸಾಲದಿದ್ದರೆ ಸೆಕೆಂಡ್ ಹ್ಯಾಂಡ್ ಮೂರನೇ ತಲೆಮಾರಿನದೂ ಸಾಕು. ಜೊತೆಗೆ ಬರುವ ಸಾಫ್ಟ್‌ವೇರನ್ನು ಸಾಮಾನ್ಯವಾಗಿ ಮೊದಲ ಮಾಲೀಕರೇ ಹಾಕಿಕೊಂಡಿರುತ್ತಾರೆ, ಅದಕ್ಕೆ ಅಂತ ಜಾಸ್ತಿ ದುಡ್ಡು ಕೊಡಬೇಡಿ. ನೋಡಲು ಹೋಗುವಾಗ ನಿಮ್ಮ ಗಿಟಾರ್, ಹೆಡ್‌ಫೋನ್, ದಪ್ಪ ಜಾಕಿನ ಅಡಾಪ್ಟರ್ ಎಲ್ಲ ತಗೊಂಡು ಹೋಗಿ. ಗೇನ್ ನಾಬ್ ನಿಧಾನವಾಗಿ ತಿರುಗಿಸಿದಾಗ ಕರಕರ ಅಂದರೆ ವಾಪಸ್ ಬನ್ನಿ.