ಮೇಲೆ ಬ್ಯಾಂಕಿನ ವಿಳಾಸವಿತ್ತು, ಬೀಗವೂ ಇತ್ತು

ಶಿರಸಿ, ಸಿದ್ದಾಪುರ ಕಡೆಯ ಅಡಿಕೆ ಬೆಳೆಗಾರರು, ಅದರಲ್ಲೂ ಬೆಳೆ ವಿಮೆಯ ಹಣಕ್ಕೆ ಕಾದು ಕುಳಿತವರು ದಯವಿಟ್ಟು ಇದನ್ನು ಪೂರ್ತಿ ಓದಿ. ಚೌತಿಗೆ ಹತ್ತು ದಿನ ಇರುವಾಗ ನನ್ನ ಖಾತೆಯಿಂದ 48,500 ರೂಪಾಯಿ ಹೋಯಿತು. ಲಿಂಕ್ ಒತ್ತಿ ದುಡ್ಡು ಕಳೆದುಕೊಂಡವರ ಕಥೆ ಹೊಸದಲ್ಲ, ಗೊತ್ತು. ಆದರೆ ನಾನು ವಿಳಾಸ ನೋಡದೆ ಮೋಸ ಹೋದವನಲ್ಲ, ನೋಡಿಯೇ ಹೋದವನು.

ಅಂದು ಮಳೆ ಹೊಳವಾಗಿತ್ತು. ಎರಡನೆಯ ಸುತ್ತಿನ ಮದ್ದು ಹೊಡೆಸುತ್ತಿದ್ದೆವು. ಕೊನೆಗೌಡ ಮರದ ಮೇಲೆ, ನಾನು ಕೆಳಗೆ ಮೈಲುತುತ್ತ, ಸುಣ್ಣ ಕದಡಿದ ಡ್ರಮ್ಮಿನ ಪಕ್ಕ. ಆಗ ಮೊಬೈಲಿಗೆ ಸಂದೇಶ ಬಂತು: ‘ನಿಮ್ಮ ಹವಾಮಾನ ಆಧಾರಿತ ಬೆಳೆ ವಿಮೆ ಪರಿಹಾರ ತಡೆಹಿಡಿಯಲಾಗಿದೆ, ಖಾತೆ ದೃಢೀಕರಿಸಿ, ಇಂದೇ ಕೊನೆಯ ದಿನ.’ ಪಕ್ಕದ ಪಂಚಾಯಿತಿಯವರಿಗೆ ಬಂದ ಪರಿಹಾರ ನಮಗೇಕೆ ಬರಲಿಲ್ಲ, ನಮ್ಮ ಮಳೆಮಾಪಕ ಏನು ಲೆಕ್ಕ ಬರೆಯಿತು ಎನ್ನುವುದು ಸೊಸೈಟಿಯ ಕಟ್ಟೆಯ ಮೇಲಿನ ನಿತ್ಯದ ಮಾತು. ಕಳಿಸಿದವನಿಗೆ ನಮ್ಮ ಹಸಿವು ಚೆನ್ನಾಗಿ ಗೊತ್ತಿತ್ತು. ಕೈ ತೊಳೆದು ಸೊಪ್ಪಿನ ಬೆಟ್ಟದ ದಣಪೆಯ ಹತ್ತಿರ ಹೋದೆ. ನಮ್ಮಲ್ಲಿ ಇಂಟರ್ನೆಟ್ ಸಿಗುವುದು ಅಲ್ಲೊಂದೇ ಕಡೆ.

ಲಿಂಕ್ ತೆರೆದಾಗ ವಿಮೆಯ ಬಗ್ಗೆ ಉದ್ದನೆಯ ಕನ್ನಡ ಬರಹ, ಕೆಳಗೆ ಬ್ಯಾಂಕುಗಳ ಸಾಲು. ನನ್ನ ಬ್ಯಾಂಕನ್ನು ಆರಿಸಿದೆ. ಮತ್ತಷ್ಟು ಬರಹ, ಅದನ್ನು ಬೆರಳಲ್ಲಿ ಮೇಲೆ ತಳ್ಳುತ್ತ ಓದಿಕೊಂಡು ಹೋದರೆ ಕೊನೆಯಲ್ಲಿ ಲಾಗಿನ್ ಪೆಟ್ಟಿಗೆ. ಅಲ್ಲಿ ನಿಂತೆ. ಬ್ಯಾಂಕಿನವರು ಊರಿನ ಶಿಬಿರದಲ್ಲಿ ಹೇಳಿಕೊಟ್ಟಿದ್ದಂತೆ ತೆರೆಯ ಮೇಲ್ತುದಿಯ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿದೆ. ಒಂದಕ್ಷರವೂ ತಪ್ಪಿರಲಿಲ್ಲ. ಪಕ್ಕದಲ್ಲಿ ಬೀಗದ ಗುರುತೂ ಇತ್ತು. ಪಾಸ್‌ವರ್ಡ್ ಹಾಕಿದೆ, ಒಟಿಪಿ ಹಾಕಿದೆ. ‘ತಪ್ಪಾಗಿದೆ, ಮತ್ತೊಂದು ಕಳುಹಿಸಿದ್ದೇವೆ’ ಎಂದಿತು. ಅದನ್ನೂ ಹಾಕಿದೆ. ಚಕ್ರ ತಿರುಗುತ್ತಲೇ ಇತ್ತು. ನೆಟ್‌ವರ್ಕಿಗೆ ಬೈದು ತೋಟಕ್ಕೆ ಇಳಿದೆ.

ಆ ಎರಡು ಒಟಿಪಿ ಸಂದೇಶಗಳನ್ನು ಪೂರ್ತಿ ಓದಿದ್ದು ರಾತ್ರಿ, ಹಣ ಹೋದ ಮೇಲೆ. ಮೊದಲನೆಯದು ಹೊಸ ಫಲಾನುಭವಿಯನ್ನು, ಅಂದರೆ ನನ್ನ ಖಾತೆಯಿಂದ ಹಣ ಪಡೆಯುವವನನ್ನು, ಸೇರಿಸಲು, ಎರಡನೆಯದು 48,500 ರೂಪಾಯಿ ವರ್ಗಾಯಿಸಲು. ಎರಡರಲ್ಲೂ ಸ್ಪಷ್ಟವಾಗಿ ಬರೆದಿತ್ತು. ನಾನು ಆರು ಅಂಕಿಗಳನ್ನು ಮಾತ್ರ ನೋಡಿದ್ದೆ.

ವಿಳಾಸ ಸರಿಯಿದ್ದೂ ಹೀಗೇಕಾಯಿತು ಎಂಬುದು ಬಿಡಿಸಿದ್ದು ಚೌತಿಗೆ ಬಂದ ಸೋದರಳಿಯ. ಆ ಪುಟ ಆಗಲೂ ತೆರೆಯುತ್ತಿತ್ತು. ಅವನು ಅದನ್ನು ಲಾಗಿನ್ ಪೆಟ್ಟಿಗೆಯವರೆಗೆ ತಳ್ಳಿ, ವಿಳಾಸದ ಬಲಕ್ಕಿರುವ ಸಣ್ಣ ಚೌಕದ ಮೇಲೆ ಉಗುರಿಟ್ಟ.

“ಮಾವ, ಇಲ್ಲಿ ಎಷ್ಟು ಎಂದಿದೆ?”

“ಮೂರು.”

“ತೆರೆದಿಟ್ಟ ಟ್ಯಾಬುಗಳು ನಿಜವಾಗಿ ಎಷ್ಟು?”

ನಾನು ಯಾವುದನ್ನೂ ಮುಚ್ಚುವವನಲ್ಲ. ಎಣಿಸಿದರೆ ನಲವತ್ತೊಂದು. ಅವನು ಪವರ್ ಗುಂಡಿ ಒತ್ತಿ ತೆರೆ ಆರಿಸಿ, ಮತ್ತೆ ಬೆರಳಿಟ್ಟು ತೆರೆದ. ಈಗ ತೆರೆಯ ಮೇಲೆ ಒಂದರ ಕೆಳಗೊಂದು ಎರಡು ಅಡ್ರೆಸ್ ಬಾರ್‌ಗಳು! ಮೇಲಿನದರಲ್ಲಿ ಕಂಡು ಕೇಳರಿಯದ ಯಾವುದೋ ವಿಳಾಸ, ಪಕ್ಕದಲ್ಲಿ 41. ಕೆಳಗಿನದರಲ್ಲಿ ನನ್ನ ಬ್ಯಾಂಕು, ಬೀಗ, 3. ಕೆಳಗಿನದರ ಮೇಲೆ ಬೆರಳಿಟ್ಟರೆ ಕೀಲಿಮಣೆ ಏಳಲಿಲ್ಲ. ಅದು ಬರೀ ಚಿತ್ರ.

ಮೊಬೈಲಿನ ತೆರೆ ಚಿಕ್ಕದು. ಹಾಗಾಗಿ ಪುಟವನ್ನು ಮೇಲೆ ತಳ್ಳಿದ ಕೂಡಲೇ ಬ್ರೌಸರು ತನ್ನ ಅಡ್ರೆಸ್ ಬಾರನ್ನು ಮರೆ ಮಾಡಿ ಆ ಜಾಗವನ್ನೂ ಪುಟಕ್ಕೆ ಬಿಟ್ಟುಕೊಡುತ್ತದೆ. ತೆರವಾದ ಜಾಗದಲ್ಲಿ ಕಳ್ಳ ಪುಟ ತನ್ನದೇ ಬಾರ್ ಬಿಡಿಸಿಕೊಳ್ಳುತ್ತದೆ. ನಾವು ಪುಟವನ್ನು ಕೆಳಗೆಳೆದರೆ ನಿಜವಾದದ್ದು ಮರಳಬೇಕು. ಅದಾಗದಂತೆ ಪುಟದೊಳಗೆ ಇನ್ನೊಂದು ಪುಟವಿಟ್ಟು ನಮ್ಮನ್ನು ಅದರೊಳಗೇ ಉರುಳಿಸುತ್ತಾರೆ. ಜಿಮ್ ಫಿಶರ್ ಎಂಬ ಪ್ರೋಗ್ರಾಮರ್ 2019ರ ಏಪ್ರಿಲ್‌ನಲ್ಲಿ ಆಂಡ್ರಾಯ್ಡ್‌ನ ಕ್ರೋಮ್‌ನಲ್ಲಿ ಇದನ್ನು ಮಾಡಿ ತೋರಿಸಿ ‘ಇನ್ಸೆಪ್ಷನ್ ಬಾರ್’ ಎಂದು ಹೆಸರಿಟ್ಟಿದ್ದನಂತೆ. ನನ್ನ ಫೋನಿನ ಬ್ರೌಸರು ಯಾವುದೆಂದು ಹೇಳುವುದಿಲ್ಲ. ಹೇಳಿದರೆ ‘ನನ್ನದು ಬೇರೆ’ ಎಂದು ನೀವು ನಿಶ್ಚಿಂತರಾಗುತ್ತೀರಿ.

ನಿಶ್ಚಿಂತರಾಗುವಂತಿಲ್ಲ, ಏಕೆಂದರೆ ಕೆಲವು ಬ್ರೌಸರುಗಳಲ್ಲಿ ಚಿತ್ರವನ್ನೂ ಬಿಡಿಸಬೇಕಿರಲಿಲ್ಲ, ನಿಜವಾದ ಬಾರೇ ಸುಳ್ಳು ಹೇಳುತ್ತಿತ್ತು. ಶಿಯೋಮಿ ಫೋನುಗಳ ಎಂಐ ಬ್ರೌಸರಿನಲ್ಲಿ 2019ರಲ್ಲಿ ಸಿಕ್ಕ ದೋಷ ಅಂಥದ್ದು: ವಿಳಾಸದ ಬಾಲದಲ್ಲಿ ಹುಡುಕಾಟದ ಪದದ ಹಾಗೆ ಇನ್ನೊಂದು ತಾಣದ ಹೆಸರು ಸೇರಿಸಿದರೆ, ಬಾರಿನಲ್ಲಿ ಆ ಹೆಸರಷ್ಟೇ ಕಾಣುತ್ತಿತ್ತು. 2020ರ ಅಕ್ಟೋಬರ್‌ನಲ್ಲಿ ಪಾಕಿಸ್ತಾನದ ಸಂಶೋಧಕ ರಫಾಯ್ ಬಲೋಚ್ ಇದೇ ಜಾತಿಯ ದೋಷಗಳನ್ನು ಏಳು ಮೊಬೈಲ್ ಬ್ರೌಸರುಗಳಲ್ಲಿ ತೋರಿಸಿದ. ಆಪಲ್‌ನ ಸಫಾರಿಯೂ ಆ ಸಾಲಿನಲ್ಲಿತ್ತು. ಬಾರಿನಲ್ಲಿ ಒಂದು ವಿಳಾಸ, ಕೆಳಗೆ ಇನ್ನೊಬ್ಬನ ಪುಟ. ಆಪಲ್ ಅದನ್ನು ಸರಿಪಡಿಸಿತು, ಕೆಲವರು ಉತ್ತರವನ್ನೇ ಕೊಡಲಿಲ್ಲ. ಬ್ರೌಸರನ್ನು ಅಪ್‌ಡೇಟ್ ಮಾಡದೆ ವರ್ಷಗಟ್ಟಲೆ ಇಡುವ ನಮ್ಮಂಥವರಿಗೆ ಸರಿಪಡಿಸಿದ್ದೂ ತಲುಪುವುದಿಲ್ಲ.

ಇನ್ನು ಆ ಬೀಗ. ದಾರಿಯಲ್ಲಿ ಯಾರೂ ಕದ್ದು ಓದುವುದಿಲ್ಲ ಎಂದಷ್ಟೇ ಅದರ ಅರ್ಥ, ಆಚೆ ಕುಳಿತವನು ಸಜ್ಜನ ಎಂದಲ್ಲ. ನನ್ನಂತೆ ತಪ್ಪು ತಿಳಿಯುವವರೇ ಹೆಚ್ಚೆಂದು ಕ್ರೋಮ್ 2023ರಲ್ಲಿ ಆ ಚಿತ್ರವನ್ನೇ ತೆಗೆದುಹಾಕಿತು. ನಮ್ಮೂರ ಶಿಬಿರದಲ್ಲಿ ಈಗಲೂ ‘ಬೀಗ ನೋಡಿ’ ಎಂದೇ ಹೇಳುತ್ತಾರೆ. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಒಳ್ಳೆಯದೇ. ಆದರೆ ಬಾರನ್ನೇ ಬಿಡಿಸಬಲ್ಲವನು ಆ ಅಕ್ಷರಗಳನ್ನೂ ಬಿಡಿಸುತ್ತಾನೆ.

ದೂರಿನ ವಿಷಯ ಚುಟುಕಾಗಿ ಹೇಳುತ್ತೇನೆ, ನೆನೆದರೆ ಸಿಟ್ಟು ಬರುತ್ತದೆ, ಹೆಚ್ಚಾಗಿ ನನ್ನ ಮೇಲೆಯೇ. ರಾತ್ರಿಯೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕಿತ್ತು. ಮಾಡದೆ ಬೆಳಗಾಗಲಿ ಎಂದು ಕುಳಿತೆ. ಮರುದಿನ ಮಾಡಿದಾಗ ಹಣದ ಒಂದು ಪಾಲು ಆಗಲೇ ಎರಡು ಖಾತೆ ದಾಟಿತ್ತು. 17,000 ರೂಪಾಯಿ ಮಾತ್ರ ತಡೆಯಲು ಸಿಕ್ಕಿತು. ಅದೂ ಇನ್ನೂ ಕೈಗೆ ಬಂದಿಲ್ಲ. ಆನ್‌ಲೈನಿನಲ್ಲೇ ದೂರು ಕೊಡಬಹುದೆಂದು ತಿಳಿಯದೆ ಘಟ್ಟ ಇಳಿದು ಸೈಬರ್ ಅಪರಾಧ ನೋಡಿಕೊಳ್ಳುವ ಕಾರವಾರದ ಸಿಇಎನ್ ಪೊಲೀಸ್ ಠಾಣೆಗೂ ಹೋಗಿಬಂದೆ. ಬ್ಯಾಂಕಿನವರದು ಒಂದೇ ಮಾತು: “ಒಟಿಪಿ ಕೊಟ್ಟವರು ನೀವೇ ಅಲ್ಲವೇ?” ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯೂ ಹಾಗೆಯೇ ಹೇಳಿತ್ತು: ಗ್ರಾಹಕನೇ ಗುಟ್ಟು ಬಿಟ್ಟುಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು, ತಿಳಿಸಿದ ಮೇಲಿನದು ಬ್ಯಾಂಕಿನದು. ಹಾಗಾಗಿ ದುಡ್ಡು ಹೋಯಿತೆಂದು ತಿಳಿದರೆ ಅಳುವ ಮೊದಲು ಬ್ಯಾಂಕಿಗೂ 1930ಕ್ಕೂ ಕರೆ ಮಾಡಿ.

ಈಗ ಸಂದೇಶದಲ್ಲಿ ಬಂದ ಲಿಂಕ್ ಹಿಡಿದು ಬ್ಯಾಂಕಿಗೆ ನಾನು ಹೋಗುವುದಿಲ್ಲ, ವಿಳಾಸ ಎಷ್ಟೇ ಚೆಂದ ಕಾಣಲಿ. ಬ್ಯಾಂಕಿನ ಆ್ಯಪ್ ತೆರೆಯುತ್ತೇನೆ, ಇಲ್ಲವೇ ಹೊಸ ಟ್ಯಾಬಿನಲ್ಲಿ ವಿಳಾಸವನ್ನು ಕೈಯಾರೆ ಬರೆಯುತ್ತೇನೆ. ವಿಮೆಯ ಸ್ಥಿತಿ ತಿಳಿಯಬೇಕಾದರೆ ಸೊಸೈಟಿಗೆ ಹೋಗಿ ಕೇಳುತ್ತೇನೆ; ಅಲ್ಲಿ ಹೇಗೂ ದಿನಾ ಅದೇ ಮಾತು. ಸಂಶಯ ಬಂದರೆ ತೆರೆ ಆರಿಸಿ ಮತ್ತೆ ತೆರೆದು ನೋಡುತ್ತೇನೆ. ಇದು ಎಲ್ಲ ಫೋನಿನಲ್ಲೂ ನಡೆಯುತ್ತದೆಂದು ನಂಬಿ ಕೂರಬೇಡಿ ಎಂದು ಅಳಿಯ ಎರಡು ಸಲ ಹೇಳಿದ್ದಾನೆ.

ಹೊರಡುವ ದಿನ ಅವನು ನನ್ನ ಟ್ಯಾಬುಗಳನ್ನೆಲ್ಲ ಮುಚ್ಚಲು ಹೊರಟಿದ್ದ. ಬೇಡವೆಂದೆ. ಈಗ ನಲವತ್ಮೂರಾಗಿವೆ.