ಲೈನ್ ಹೋದರೂ ಲಾಗ್ ಉಳಿಯಬೇಕು: ವಿಂಡೋಸ್ ಈವೆಂಟ್ ಫಾರ್ವರ್ಡಿಂಗ್, ಪರ್ಫ್‌ಮಾನ್ ವಿಮರ್ಶೆ

ಶಿವಮೊಗ್ಗದಲ್ಲಿ ಮುಖ್ಯ ಕಚೇರಿ, ತೀರ್ಥಹಳ್ಳಿ, ಹೊಸನಗರ, ಸಾಗರದಲ್ಲಿ ಶಾಖೆಗಳು. ಇಂಥ ಅಡಿಕೆ ಸೊಸೈಟಿಗೆ ಮಳೆಗಾಲದಲ್ಲಿ ಮರ ಬಿದ್ದು ಫೈಬರ್ ಕಡಿದರೆ ಅರ್ಧ ದಿನ ಸಂಪರ್ಕವಿರುವುದಿಲ್ಲ. ಆ ಅರ್ಧ ದಿನದ ದಾಖಲೆ ಆಮೇಲೆ ಸಿಗುತ್ತದೆಯೇ ಎಂಬುದೇ ಇಲ್ಲಿ ಮುಖ್ಯ ಪ್ರಶ್ನೆ. ವಿಂಡೋಸ್ ಸರ್ವರ್ ಜೊತೆಗೇ ಎರಡು ಸಲಕರಣೆಗಳು ಬರುತ್ತವೆ: ಶಾಖೆಯ ಸರ್ವರ್‌ನ ಘಟನೆಗಳ ದಾಖಲೆಯನ್ನು (ಲಾಗ್) ಮುಖ್ಯ ಕಚೇರಿಗೆ ಕಳಿಸುವ ಈವೆಂಟ್ ಫಾರ್ವರ್ಡಿಂಗ್, ಸರ್ವರ್‌ನ ಹೊರೆ-ವೇಗ ಅಳೆಯುವ ಪರ್ಫ್‌ಮಾನ್ (ಪರ್ಫಾರ್ಮೆನ್ಸ್ ಮಾನಿಟರ್). ಮೊದಲನೆಯದು ಈ ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾಗುತ್ತದೆ. ಎರಡನೆಯದನ್ನು ಕೈ ಹಿಡಿದು ನಡೆಸಬೇಕು.

ಈವೆಂಟ್ ಫಾರ್ವರ್ಡಿಂಗ್‌ನಲ್ಲಿ ಶಾಖೆಯ ಸರ್ವರ್ ತಾನು ಎಲ್ಲಿಯವರೆಗೆ ಕಳಿಸಿದ್ದೇನೆ ಎಂಬ ಗುರುತು ಇಟ್ಟುಕೊಂಡಿರುತ್ತದೆ. ಲೈನ್ ಬಂದ ಕೂಡಲೇ ಅಲ್ಲಿಂದ ಮುಂದುವರಿಸುತ್ತದೆ. ಆದರೆ ಅಷ್ಟರಲ್ಲಿ ಲಾಗ್ ತುಂಬಿ ಹಳೆಯದು ಅಳಿಸಿಹೋಗಿರಬಾರದು. ಡೀಫಾಲ್ಟ್ 20 ಎಂಬಿ ಜಾಗ ಲಾಗಿನ್ ಮುಂತಾದವನ್ನು ಬರೆಯುವ ಸೆಕ್ಯೂರಿಟಿ ಲಾಗ್‌ಗೆ ಸಾಲದು, ಶಾಖೆಗಳಲ್ಲಿ 200 ಎಂಬಿ ಮಾಡಿ. ಮುಖ್ಯ ಕಚೇರಿಯ ಫಾರ್ವರ್ಡೆಡ್ ಈವೆಂಟ್ಸ್ ಲಾಗ್‌ಗೆ 1 ಜಿಬಿ ಇರಲಿ.

ಸೆಟಪ್ ಸರಳ: ಲಾಗ್ ಸ್ವೀಕರಿಸುವ ಮುಖ್ಯ ಕಚೇರಿಯ ಸರ್ವರ್‌ನಲ್ಲಿ (ಕಲೆಕ್ಟರ್) ವೆಕ್‌ಯುಟಿಲ್ ಕ್ಯೂಸಿ (wecutil qc) ಆಜ್ಞೆ, ಶಾಖೆಗಳಲ್ಲಿ ಯಂತ್ರಗಳು ದೂರದಿಂದ ಮಾತಾಡಿಕೊಳ್ಳುವ ವಿನ್‌ಆರ್‌ಎಂ ಸೇವೆ, ಪೋರ್ಟ್ 5985, ಎಲ್ಲ ಯಂತ್ರಗಳಿಗೂ ಒಂದೇ ಕಡೆಯಿಂದ ಸೆಟ್ಟಿಂಗ್ ಹಾಕುವ ಗ್ರೂಪ್ ಪಾಲಿಸಿಯಲ್ಲಿ ಕಲೆಕ್ಟರ್ ವಿಳಾಸ. ಸೆಕ್ಯೂರಿಟಿ ಲಾಗ್ ಮಾತ್ರ ಬರುತ್ತಿಲ್ಲವೆಂದರೆ ಶಾಖೆಯಲ್ಲಿ ನೆಟ್‌ವರ್ಕ್ ಸರ್ವಿಸ್ ಖಾತೆಯನ್ನು ಈವೆಂಟ್ ಲಾಗ್ ರೀಡರ್ಸ್ ಗುಂಪಿಗೆ ಸೇರಿಸಿಲ್ಲ ಎಂದು ಸಾಮಾನ್ಯವಾಗಿ ಅರ್ಥ. ಲೈನ್ ನಿಧಾನ ಎಂದು ಕಳಿಸುವ ವಿಧಾನದ ಆಯ್ಕೆಯಲ್ಲಿ ‘ಮಿನಿಮೈಸ್ ಬ್ಯಾಂಡ್‌ವಿಡ್ತ್’ ಆರಿಸಬೇಡಿ, ಸುದ್ದಿ 6 ಗಂಟೆ ತಡವಾಗಬಹುದು. ‘ಮಿನಿಮೈಸ್ ಲೇಟೆನ್ಸಿ’ಯಲ್ಲಿ 30 ಸೆಕೆಂಡ್ ಸಾಕು, ಬೇಕಾದ ಈವೆಂಟ್‌ಗಳನ್ನಷ್ಟೇ ಸೋಸಿ ತರಿಸಿದರೆ ಲೈನಿಗೆ ಹೊರೆಯೇನಿಲ್ಲ.

ಯಾವುವು ಬೇಕು? ಪ್ರತಿ ಈವೆಂಟ್‌ಗೂ ಒಂದು ಸಂಖ್ಯೆಯಿದೆ. 1074 ಬಂದರೆ ಸರ್ವರ್ ಕ್ರಮವಾಗಿ ಆಫ್ ಆಗಿದೆ. ಕರೆಂಟು ಹೋದ ದಿನ 1074 ಇಲ್ಲದೆ, ಸರ್ವರ್ ಏಕಾಏಕಿ ನಿಂತಿತು ಎನ್ನುವ 41, 6008 ಬಂದಿದ್ದರೆ ಯುಪಿಎಸ್ ಬ್ಯಾಟರಿ ಸತ್ತಿದೆ, ಇಲ್ಲವೇ ಯುಪಿಎಸ್‌ನಿಂದ ಸರ್ವರ್‌ಗೆ ಸಿಗ್ನಲ್ ಕೇಬಲ್ ಹಾಕಿಲ್ಲ. ಮೊದಲು ಅದನ್ನೇ ನೋಡಿ. ಅದರ ಬೆನ್ನಿಗೇ 7, 153, 55 ಕಾಣಿಸಿಕೊಂಡರೆ ಡಿಸ್ಕ್ ಅಥವಾ ಫೈಲ್ ಸಿಸ್ಟಮ್ ಕೆಡುತ್ತಿದೆ, ಅವತ್ತೇ ಬ್ಯಾಕಪ್ ಪರೀಕ್ಷಿಸಿ. ಹಳೆಯ ಯಂತ್ರಗಳಲ್ಲಿ ಇನ್ನೊಂದು ತೊಂದರೆ: ಕರೆಂಟಿಲ್ಲದಾಗ ಗಡಿಯಾರ ನಡೆಸುವ ಸಿಮಾಸ್ ಸೆಲ್ ಮುಗಿದಿದ್ದರೆ ದೀರ್ಘ ಕರೆಂಟು ಕಡಿತದ ನಂತರ ಗಡಿಯಾರ ತಪ್ಪುತ್ತದೆ. 5 ನಿಮಿಷಕ್ಕಿಂತ ವ್ಯತ್ಯಾಸವಾದರೆ ಯಂತ್ರಗಳ ಗುರುತು ಪರಿಶೀಲಿಸುವ ಕೆರ್ಬರೋಸ್ ಒಪ್ಪುವುದಿಲ್ಲ, ಲೈನ್ ಸರಿಯಿದ್ದರೂ ಲಾಗ್ ಬರುವುದಿಲ್ಲ.

ಪರ್ಫ್‌ಮಾನ್‌ನಿಂದ ಶಾಖೆಯ ಕೌಂಟರ್‌ಗಳನ್ನು (ಅಳತೆಗಳನ್ನು) ಶಿವಮೊಗ್ಗದಲ್ಲಿ ಕೂತು ನೇರವಾಗಿ ದಾಖಲಿಸಲು ಹೋಗಬೇಡಿ. ಲೈನ್ ಹೋದಷ್ಟು ಹೊತ್ತಿನ ಅಂಕಿ ಮತ್ತೆ ಸಿಗದು. ಲಾಗ್‌ಮ್ಯಾನ್ ಎಂಬ ಆಜ್ಞೆಯಿಂದ ಆಯಾ ಸರ್ವರ್‌ನಲ್ಲೇ 15 ಸೆಕೆಂಡಿಗೊಮ್ಮೆ ಬರೆಸಿ, ರಾತ್ರಿ ಫೈಲ್ ತರಿಸಿಕೊಳ್ಳಿ. ದಿನಕ್ಕೆ 5,760 ಸ್ಯಾಂಪಲ್. ಪ್ರೊಸೆಸರ್, ಉಳಿದ ಮೆಮೊರಿ, ಡಿಸ್ಕ್ ಓದು-ಬರಹದ ಸಮಯ, ನೆಟ್‌ವರ್ಕ್ ಇಷ್ಟಿದ್ದರೆ ಸಾಕು. ಹಾರ್ಡ್ ಡಿಸ್ಕ್‌ನಲ್ಲಿ ಓದುವ ಸಮಯ 0.025 ಸೆಕೆಂಡಿನ ಮೇಲೇ ನಿಂತಿದ್ದರೆ ಬಿಲ್ಲಿಂಗ್ ನಿಧಾನವಾಗುವುದು ಅದರಿಂದಲೇ ಇರಬಹುದು. ಪರ್ಫ್‌ಮಾನ್‌ನ ದೊಡ್ಡ ಕೊರತೆಯೆಂದರೆ ಸರ್ವರ್ ರೀಸ್ಟಾರ್ಟ್ ಆದಮೇಲೆ ನಾವು ಮಾಡಿಟ್ಟ ಕಲೆಕ್ಟರ್ ಸೆಟ್ (ಯಾವ ಅಳತೆ ಬರೆಯಬೇಕೆಂಬ ಪಟ್ಟಿ) ತಾನಾಗಿ ಶುರುವಾಗುವುದಿಲ್ಲ. ದಿನಕ್ಕೆರಡು ಸಲ ಕರೆಂಟು ಹೋಗುವ ಊರಿಗೆ ಇದು ಸಣ್ಣ ವಿಷಯವಲ್ಲ. ಟಾಸ್ಕ್ ಶೆಡ್ಯೂಲರ್‌ನಲ್ಲಿ ಸ್ಟಾರ್ಟಪ್‌ಗೆ ಲಾಗ್‌ಮ್ಯಾನ್ ಸ್ಟಾರ್ಟ್ ಹಾಕಿ, ಫೈಲ್ ಹೆಸರಿಗೆ ದಿನಾಂಕ-ಸಮಯ ಸೇರಿಸಿ. ಹಾಗೆ ಸೇರಿಸದಿದ್ದರೆ ಹಳೆಯ ಫೈಲ್ ಅಡ್ಡ ಬಂದು ಕಲೆಕ್ಟರ್ ಸೆಟ್ ಶುರುವಾಗದೇ ನಿಲ್ಲಬಹುದು.

ಎಚ್ಚರಿಕೆಯ ಮೇಲ್ ಕಳಿಸುವುದಕ್ಕೆ ಪವರ್‌ಶೆಲ್ ಸ್ಕ್ರಿಪ್ಟ್ ನೀವೇ ಬರೆಯಬೇಕು, ಗ್ರಾಫ್‌ಗಳೂ ಹಳೆಯ ಕಾಲದವು. ಹತ್ತು ಹದಿನೈದು ಸರ್ವರ್‌ಗಳವರೆಗೆ ಧೈರ್ಯವಾಗಿ ಬಳಸಬಹುದು. ಅದಕ್ಕಿಂತ ಹೆಚ್ಚಿದ್ದರೆ ಗ್ರಫಾನಾದಂಥ ನಿಗಾ ತಂತ್ರಾಂಶವನ್ನು ನೋಡಿ.