ಅರ್ಥ್ ಕ್ರೈಸಿಸ್ ‘ಟು ದ ಡೆತ್’: ಮತ್ತೆ ಸೇರಿದ ಮೇಲೆ ಸದ್ದು ಇನ್ನಷ್ಟು ಕಪ್ಪು

ಒಡೆದು ಹೋದ ಬ್ಯಾಂಡ್ ಮತ್ತೆ ಸೇರಿತು ಅಂದರೆ ನನಗೆ ಮೊದಲು ಬರುವುದು ಅನುಮಾನ. ಹಳೇ ಹಾಡು ಬಾರಿಸಿ ಒಂದಿಷ್ಟು ದುಡ್ಡು ಮಾಡಿಕೊಂಡು ಹೋಗೋದಕ್ಕೆ ಬಂದಿದ್ದಾರಾ ಅಂತ. ಅರ್ಥ್ ಕ್ರೈಸಿಸ್ 2001ರಲ್ಲಿ ನಿಂತಿತು, 2007ರಲ್ಲಿ ಮತ್ತೆ ಸೇರಿತು, 2009ರಲ್ಲಿ ಸೆಂಚುರಿ ಮೀಡಿಯಾ ಎಂಬ ರೆಕಾರ್ಡ್ ಕಂಪನಿ ಮೂಲಕ ‘ಟು ದ ಡೆತ್’ ಆಲ್ಬಮ್ ತಂದಿತು. ಇದನ್ನು ಕೇಳಿದ ಮೇಲೆ ಆ ಅನುಮಾನ ಉಳಿಯಲಿಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪದಲ್ಲಿ ಹೇಳುತ್ತೇನೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನವರು, ಹಾರ್ಡ್‌ಕೋರ್ ಬ್ಯಾಂಡ್, ಅಂದರೆ ಪಂಕ್ ರಾಕ್‌ನ ಇನ್ನಷ್ಟು ಒರಟು, ಕೂಗಾಟದ ರೂಪ. ಕುಡಿಯಲ್ಲ, ಸೇದಲ್ಲ, ಡ್ರಗ್ಸ್ ಇಲ್ಲ, ಅಂದರೆ ಸ್ಟ್ರೈಟ್ ಎಡ್ಜ್. ಅದರ ಮೇಲೆ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. 1995ರ ‘ಡಿಸ್ಟ್ರಾಯ್ ದ ಮಷೀನ್ಸ್’ ಆಲ್ಬಮ್‌ನಲ್ಲೇ ಮೆಟಲ್, ಅಂದರೆ ಭಾರೀ ಗಿಟಾರಿನ ರಾಕ್, ಸೇರಿಕೊಂಡಿತ್ತು, ನಿಜ. ಆದರೆ ಅಲ್ಲಿ ಗಿಟಾರ್ ಹೊಡೆದು ನಿಲ್ಲುತ್ತದೆ, ಆ ಖಾಲಿ ಜಾಗದಲ್ಲಿ ಡ್ರಮ್ ಬರುತ್ತದೆ, ಆಮೇಲೆ ಎಲ್ಲರೂ ಸೇರಿ ಕೂಗುತ್ತಾರೆ. ‘ಟು ದ ಡೆತ್’ನಲ್ಲಿ ಆ ಖಾಲಿ ಜಾಗ ಕಡಿಮೆ. ಗಿಟಾರ್ ದಪ್ಪಗೆ, ಕೆಳಗಿನ ಸ್ವರದಲ್ಲಿ, ನಮ್ಮ ಕೊಡಗಿನ ಕಕ್ಕಡ ತಿಂಗಳ (ಆಟಿ) ಮಳೆ ಹಾಗೆ ಒಂದೇ ಸಮ ಸುರಿಯುತ್ತದೆ, ಅದರ ಅಡಿಯಲ್ಲಿ ಡ್ರಮ್ ಎದೆಗೇ ಬಡಿಯುತ್ತದೆ. ಹಾಡುಗಾರ ಕಾರ್ಲ್ ಬ್ಯೂಕ್ನರ್ ದನಿ ಮೊದಲಿಂದಲೂ ಒರಟು, ಇಲ್ಲಿ ಇನ್ನೂ ಆಳಕ್ಕೆ ಇಳಿದಿದೆ.

2000ದ ‘ಸ್ಲಿದರ್’ ನನಗೆ ಇಷ್ಟವಾಗಿರಲಿಲ್ಲ. ಆಗ ಓಡುತ್ತಿದ್ದ ಮೆಟಲ್‌ನ ಹಿಂದೆ ಹೋಗಿ ರಾಗವಾಗಿ ಹಾಡೋದಕ್ಕೆ ನೋಡಿದ್ದರು, ಅದು ಅವರಿಗೆ ಒಗ್ಗಲಿಲ್ಲ. ಇಲ್ಲಿ ಹಾಗಲ್ಲ. ಸಿಟ್ಟು ಹಾಗೇ ಇದೆ, ಅದನ್ನು ಹೊರುವ ತೂಕ ಈಗ ಬಂದಿದೆ. ಹುಡುಗರ ಕೂಗಾಗಿದ್ದದ್ದು ಇಲ್ಲಿ ದೊಡ್ಡವರ ಕೋಪದಂತೆ ಕೇಳುತ್ತದೆ.

ಕೊರತೆ ಇಲ್ಲ ಅಂತಲ್ಲ. ನಡುವಿನ ಕೆಲವು ಹಾಡುಗಳು ಒಂದೇ ನಡೆಯಲ್ಲಿ ಸಾಗುತ್ತವೆ, ಯಾವುದು ಮುಗಿಯಿತು ಯಾವುದು ಶುರುವಾಯಿತು ತಿಳಿಯುವುದಿಲ್ಲ. ಒಂದೆರಡು ತೆಗೆದಿದ್ದರೆ ಚೆನ್ನಾಗಿರುತ್ತಿತ್ತು. ಜೊತೆಗೆ ಕೂಗುವ ಸಾಲುಗಳು ಜಾಸ್ತಿ ಬೇಕಿತ್ತು, ಹಾರ್ಡ್‌ಕೋರ್ ಅಂದರೆ ಅದೇ ಅಲ್ವಾ.

ಇದನ್ನು ಕೊಡಗಲ್ಲಿ ಕೂತು ಕೇಳುವುದು ಬೇರೆಯೇ. ನಮ್ಮಲ್ಲಿ ಮದುವೆ ಅಂದರೆ ಪಂದಿ ಕರಿ (ಹಂದಿ ಸಾರು), ಕಡಂಬುಟ್ಟು (ಅಕ್ಕಿ ಕಡುಬು), ಜೊತೆಗೆ ಗ್ಲಾಸು. ಕೈಲ್‌ಪೊಳ್ದ್ ಎಂಬ ಆಯುಧ ಹಬ್ಬಕ್ಕೆ ಕೋವಿಗೆ ಹೂ ಇಟ್ಟು ಪೂಜೆ ಮಾಡುವ ಊರು ಇದು. ಪ್ರಾಣಿ ಕೊಲ್ಲಬೇಡಿ ಅಂತ ಗಂಟಲು ಹರಿಯುವ ಹಾಗೆ ಕೂಗುವವನ ಮಾತು ಇಲ್ಲಿ ಸುಲಭಕ್ಕೆ ಇಳಿಯುವುದಿಲ್ಲ. ನನಗೂ ಊಟದ ವಿಷಯದಲ್ಲಿ ಇಳಿದಿಲ್ಲ. ಆದರೆ ಕುಡಿತದ ಮಾತು ನೇರ ಬಂದು ತಾಗುತ್ತದೆ. ತೋಟದ ಕೂಲಿಯವರ ಲೈನ್‌ಮನೆಯಲ್ಲಿ ಸಂಬಳದ ದಿನದ ರಾತ್ರಿ ಏನಾಗುತ್ತದೆ, ದೊಡ್ಡ ಮನೆಗಳಲ್ಲಿ ಬಾಗಿಲು ಹಾಕಿಕೊಂಡು ಏನಾಗುತ್ತದೆ, ಎರಡನ್ನೂ ನೋಡಿದವರಿಗೆ ಈ ಸಿಟ್ಟು ಎಲ್ಲಿಂದ ಬಂತು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕುಡಿಯದ ಹುಡುಗನನ್ನು ಮದುವೆ ಮನೆಯಲ್ಲಿ ಎಷ್ಟು ಕಾಡಿಸುತ್ತಾರೆ ಅಂತಲೂ ನಮಗೆಲ್ಲ ಗೊತ್ತು. ಅಂಥವನ ಜೊತೆ ನಿಲ್ಲುವ ಸಂಗೀತ ಇದು, ಅದಕ್ಕೇ ನನಗೆ ಇದರ ಮೇಲೆ ಇಷ್ಟು ಪ್ರೀತಿ.

ಆಮೇಲೆ 2011ರಲ್ಲಿ ‘ನ್ಯೂಟ್ರಲೈಸ್ ದ ಥ್ರೆಟ್’, 2014ರಲ್ಲಿ ‘ಸಾಲ್ವೇಶನ್ ಆಫ್ ಇನೊಸೆಂಟ್ಸ್’ ಬಂದವು. ಎರಡನೆಯದು ‘ಲಿಬರೇಟರ್’ ಎಂಬ ಕಾಮಿಕ್ಸ್ ಜೊತೆ ಸೇರಿ ಬಂದದ್ದು. ಎರಡೂ ಕೇಳಬಹುದು, ಆದರೆ ನನ್ನ ಮಟ್ಟಿಗೆ ‘ಟು ದ ಡೆತ್’ ಒಂದು ಕೈ ಮೇಲು.

ಹೊಸಬರು ಮೊದಲು 1995ರದ್ದು ಕೇಳಿ, ಆಮೇಲೆ ಇದಕ್ಕೆ ಬನ್ನಿ. ಫೋನ್ ಸ್ಪೀಕರ್‌ನಲ್ಲಿ ಮಾತ್ರ ಬೇಡ, ಬೇಸ್ ಪೂರ್ತಿ ಸತ್ತು ಹೋಗುತ್ತದೆ, ಒಳ್ಳೆ ಹೆಡ್‌ಫೋನ್ ಇರಲಿ. ಮಡಿಕೇರಿಯಲ್ಲೋ ವಿರಾಜಪೇಟೆಯಲ್ಲೋ ಇರುವಾಗಲೇ ಡೌನ್‌ಲೋಡ್ ಮಾಡಿಕೊಂಡು ತೋಟಕ್ಕೆ ಹೋಗಿ, ಮಳೆಗಾಲದಲ್ಲಿ ಕರೆಂಟ್ ಹೋದರೆ ಹಿಂದೆಯೇ ನೆಟ್‌ವರ್ಕ್ ಕೂಡ ಹೋಗುತ್ತದೆ.